ತೊಟ್ಟಿಲಲ್ಲಿಟ್ಟ ಕತ್ತರಿ

ಕೆಂಗೇರಿ ಉಪನಗರ
9 ಫೆಬ್ರವರಿ 2025, ಭಾನುವಾರ

ರೀ,

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ತಾನೇ? ಫೋನಿನಲ್ಲಿ ಮಾತು ಶುರುವಾಗುವ ಮೊದಲೇ ನೀವು ಅಳುತ್ತೀರಿ, ಆಮೇಲೆ ನಾನೇ ಸಮಾಧಾನ ಮಾಡಬೇಕು. ಇವತ್ತು ನನಗೆ ಆ ಮನಸ್ಸಿಲ್ಲ. ಅದಕ್ಕೇ ಈ ಕಾಗದವನ್ನು ಅಪ್ಪನ ಕೈಲಿ ಸುಂಕದಕಟ್ಟೆಗೆ ಕಳಿಸುತ್ತಿದ್ದೇನೆ.

"ಆಗಿದ್ದು ಆಯ್ತು, ಮನೆಗೆ ಬಾ, ನಮಗಿನ್ನೂ ವಯಸ್ಸಿದೆ" ಎಂದು ಹೇಳಿಕಳಿಸಿದ್ದೀರಿ. ನಾನು ಬರುವುದು ಬಿಡುವುದು ನಿಮ್ಮ ಕೈಯಲ್ಲೇ ಇದೆ. ಯಾಕೆಂದು ಹೇಳುತ್ತೇನೆ.

ನಮ್ಮ ಮಗು ಹಾಲು ಬಿಟ್ಟು, ಮೈ ತಣ್ಣಗಾಗಿ, ಅಳುವುದನ್ನೂ ನಿಲ್ಲಿಸಿತಲ್ಲ, ಆ ಬೆಳಿಗ್ಗೆ ಅಮ್ಮ ಅದನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದಿದ್ದಳು. ರಕ್ತಕ್ಕೆ ನಂಜು ಏರಿದೆ ಎಂದು ಡಾಕ್ಟರ್ ಹೇಳಿದ್ದು ಅವಳ ತಲೆಗೆ ಹೋಗಲೇ ಇಲ್ಲ. ನೀರು ಮೂಗಿಗೆ ಹೋಗಿ ಮಗು ಸತ್ತಿತು ಎಂದೇ ನಂಬಿದ್ದಾಳೆ. ಬಚ್ಚಲಿಗೆ ಹೋದವಳು ಅಲ್ಲೇ ಕೂತುಬಿಡುತ್ತಾಳೆ. "ನನ್ನ ಕೈಯಾರೆ ಕೊಂದ್ನಲ್ಲೇ" ಎನ್ನುತ್ತಾಳೆ. ಅಲ್ಲಮ್ಮ ಎಂದರೆ, ತನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾಳೆ.

ನನಗೆ ಎಂಟು ತಿಂಗಳು ತುಂಬಿದಾಗ ಉರಿಮೂತ್ರ ಬಂದದ್ದು ನೆನಪಿದೆಯಾ? ನೀವು ನಿಮ್ಮ ಔಷಧಿ ಅಂಗಡಿಯಿಂದ ಒಂದಿಷ್ಟು ಮಾತ್ರೆ ಕತ್ತರಿಸಿ ತಂದಿರಿ. ಉರಿ ನಿಂತ ಮೇಲೆ ಸಾಕು ಎಂದಿರಿ. ಗಿರಾಕಿ ಕೆಮ್ಮುವ ಮೊದಲೇ ಇವರ ಕತ್ತರಿ ಆಡುತ್ತೆ ಎಂದು ನಾನೇ ನಿಮ್ಮನ್ನು ರೇಗಿಸುತ್ತಿದ್ದೆ. ಮೆಡಿಕಲ್ ಸ್ಟೋರಿನ ಗಂಡ ಸಿಕ್ಕಿದ್ದಾನೆ ಎಂದು ಒಳಗೊಳಗೇ ಜಂಬವೂ ಇತ್ತು.

ಆಸ್ಪತ್ರೆಯಲ್ಲಿ ಮಗುವಿಗೆ ಔಷಧಿ ಶುರುಮಾಡುವ ಮುಂಚೆ ಡಾಕ್ಟರ್ ಮೇಡಂ, "ಬಸುರಿಲಿ ಆ್ಯಂಟಿಬಯಾಟಿಕ್ ಏನಾದ್ರೂ ತಗೊಂಡಿದ್ರಾಮ್ಮಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು "ಇಲ್ಲ ಮೇಡಂ, ಏನೂ ಇಲ್ಲ" ಅಂದಿರಿ. ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ, ಅವು ಬೇರೆ ಜಾತಿಯ ಮಾತ್ರೆ ಇರಬೇಕು ಎಂದುಕೊಂಡೆ. ಹಾಕಿದ ಔಷಧಿ ಯಾವುದೂ ನಾಟಲಿಲ್ಲ. ರಕ್ತಪರೀಕ್ಷೆ ಮುಗಿದ ಮೇಲೆ ಮೇಡಂ, ಈ ಕ್ರಿಮಿ ಯಾವ ಯಾವ ಔಷಧಿಗೆ ಬಗ್ಗುವುದಿಲ್ಲ ಎಂದು ಹೆಸರು ಹೇಳುತ್ತಾ ಹೋದರು. ನಾನು ನುಂಗಿದ್ದರ ಹೆಸರೂ ಬಂತು. ತಿರುಗಿ ನೋಡಿದರೆ ನೀವು ನೆಲ ನೋಡುತ್ತಿದ್ದಿರಿ.

ಮೊನ್ನೆ ಒಬ್ಬಳೇ ಹೋಗಿ ಮೇಡಂಗೆ ನಿಜ ಹೇಳಿ ಬಂದೆ. ಅವರು ಬೈಯಲಿಲ್ಲ. ಆ ಕ್ರಿಮಿ ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದಂತೆ, ಈಗ ಅಂಥವು ಎಲ್ಲ ಕಡೆಯೂ ಇವೆಯಂತೆ. ಮೊದಲೇ ಗೊತ್ತಿದ್ದರೆ ಬೇರೆ ಔಷಧಿಯಿಂದ ಶುರುಮಾಡುತ್ತಿದ್ದರಂತೆ. "ಆದ್ರೂ ಉಳೀತಿತ್ತು ಅಂತ ಹೇಳಕ್ಕಾಗಲ್ಲಮ್ಮ" ಅಂದರು. ಉಳಿಯುತ್ತಿರಲಿಲ್ಲ ಎಂದೂ ಅವರು ಹೇಳಲಿಲ್ಲ.

ಮಾತ್ರೆ ಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ, ಪ್ರೀತಿಯಿಂದಲೇ ಕೊಟ್ಟಿರಿ. ಆ "ಇಲ್ಲ" ಅಂದದ್ದಕ್ಕೆ ಸಿಟ್ಟಿದೆ. ಅದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮಗುವನ್ನು ಮಣ್ಣು ಮಾಡಿ ಬಂದ ದಿನ ಅಮ್ಮ "ತಪ್ಪಾಯ್ತಪ್ಪ" ಎಂದು ನಿಮ್ಮ ಕಾಲಿಗೆ ಬೀಳಲು ಬಂದಾಗ, ನೀವು ಅವಳನ್ನು ಎಬ್ಬಿಸಿ, "ಹೋಗ್ಲಿ ಬಿಡಿ ಅತ್ತೆ" ಅಂದಿರಲ್ಲ. ಕ್ಷಮಿಸಿದವರ ಹಾಗೆ. ಅದೊಂದನ್ನು ಹೊಟ್ಟೆಗೆ ಹಾಕಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಬನ್ನಿ. ಬಂದು ನನ್ನ ಹತ್ತಿರ ಅಲ್ಲ, ಅಮ್ಮನ ಹತ್ತಿರ ಕೂತು ನಿಜ ಹೇಳಿ. ನನ್ನ ಮಾತನ್ನು ಅವಳು ನಂಬುವುದಿಲ್ಲ, ಔಷಧಿ ಅಂಗಡಿಯ ಅಳಿಯ ಹೇಳಿದರೆ ನಂಬುತ್ತಾಳೆ. ನೀವು ಹೇಳಿದ ದಿನವೇ ನಿಮ್ಮ ಜೊತೆ ಹೊರಟು ಬರುತ್ತೇನೆ. ಹೇಳಲಾಗದಿದ್ದರೆ ಬರಬೇಡಿ.

ಇಂತಿ,
ರಮ್ಯ

ಬರೆಯಲು ಮರೆತಿದ್ದೆ: ಅಂಗಡಿಯಲ್ಲಿ ನೀವು ಹುಡುಕುತ್ತಿರುವ ಕತ್ತರಿ ಇಲ್ಲಿ ತೊಟ್ಟಿಲಲ್ಲೇ ಇದೆ. ಮಗುವಿಗೆ ದೃಷ್ಟಿ ತಾಗಬಾರದು, ಹಾಸಿಗೆಯಡಿ ಕಬ್ಬಿಣ ಇರಲಿ ಎಂದು ಅಮ್ಮ ಕೇಳಿದಾಗ ನೀವೇ ತಂದಿಟ್ಟದ್ದು, ಮರೆತಿರಬೇಕು. ಅದನ್ನು ಮುಟ್ಟಲು ನನಗೆ ಕೈ ಬರುತ್ತಿಲ್ಲ. ಮಗುವನ್ನು ಕಾಯಲಿಲ್ಲ ಎಂದು ಅಮ್ಮ ಆ ಕತ್ತರಿಗೂ ಬೈಯುತ್ತಾಳೆ. ನಿಮ್ಮ ಮಾತು ಬಂದರೆ ಮಾತ್ರ, "ಜೀವನ್ ದೇವರಂಥೋರು, ನಂಗೆ ಒಂದು ಮಾತೂ ಅನ್ಲಿಲ್ಲ" ಎನ್ನುತ್ತಾಳೆ.