ಹಣೆಗೆ ಕಟ್ಟಿದ ಒದ್ದೆ ಸ್ಪಂಜು

ಅಮ್ಮಾ,

ನೀನು ಮಲಗಿದ್ದ ಹಾಸಿಗೆಯಲ್ಲಿ ಈಗ ಒಂದು ಅಜ್ಜಿ ಇದೆ. ಇವತ್ತು ಅದರ ಹಣೆಗೆ ನಾನೇ ಎರಡು ಒದ್ದೆ ಸ್ಪಂಜು ಕಟ್ಟಿ, ನೋವು ತಗ್ಗಲೆಂದು ಇಪ್ಪತ್ತು ನಿಮಿಷ ಸಣ್ಣಗೆ ಕರೆಂಟು ಹರಿಸಿದೆ. ಮಾರ್ಫಿನ್ ನಿನಗೆ ಕೊಡುತ್ತಿದ್ದಷ್ಟೇ. ನಿನಗೆ ಸಾಲದ್ದು ಅಜ್ಜಿಗೆ ಸಾಕಾಯಿತು.

"ತಲೆ ಬಾಚ್ತೀಯಾ ತಾಯಿ? ಮಗಳು ಬರೋ ಹೊತ್ತು" ಅಂದಿತು. ನೀನು ಬಾಚಣಿಗೆ ಕಂಡರೇ ನರಳುತ್ತಿದ್ದೆ.

ಮಗಳು ಬಂದಳು. ಇಬ್ಬರೂ ಯಾರನ್ನೋ ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ನನ್ನ ಹೊಟ್ಟೆ ಉರಿದುಹೋಯಿತು.

"ತಲೆಗೆ ಕರೆಂಟು ಅಂದಾಗ ಭಯ ಆಗ್ಲಿಲ್ವಾ?" ಎಂದು ಮಗಳನ್ನು ಕುಟುಕಿದೆ.

"ಆಯ್ತು ಸಿಸ್ಟರ್. ಅದಕ್ಕೇ ಅಮ್ಮನ್ನೇ ಕೇಳ್ದೆ. ಮಾಡಿಸು ಅಂದ್ರು."

ಇದೇ ಕರೆಂಟಿನ ಚಿಕಿತ್ಸೆಗೆ ನಿನಗೆಂದು ಡಾಕ್ಟರು ಕೊಟ್ಟಿದ್ದ ಒಪ್ಪಿಗೆ ಪತ್ರ ಇನ್ನೂ ನನ್ನ ಲಾಕರಿನಲ್ಲಿದೆ. ಮಡಿಕೆ ಕೂಡ ಬಿಚ್ಚಿಲ್ಲ.