ಮಂಚದ ಕಾಲಿನಡಿಯ ಪುಸ್ತಕ

ನಕ್ಷೆ ಕೊಠಡಿ, ಮರಗೆಲಸ ಶಾಲೆ
ಶುಕ್ರವಾರ ಬೆಳಗ್ಗೆ

ಭಾನುವಾರದ ಸಭೆಗೆ ಬಿಡುವು ಮಾಡಿಕೊಂಡು ಬಂದಿರುವ ಹಿರಿಯರಿಗೆ, ಮಕ್ಕಳ ತಂದೆ ತಾಯಂದಿರಿಗೆ, ಈ ಕಾಗದವನ್ನು ಒಲ್ಲದ ಮನಸ್ಸಿನಿಂದ ಓದಿ ಹೇಳುತ್ತಿರುವ ನಮ್ಮ ದೊಡ್ಡ ಮೇಸ್ತ್ರಿಯವರಿಗೆ, ಅಡಿಪಟ್ಟಿ ಟೀಚರ್ ಮಾಡುವ ನಮಸ್ಕಾರಗಳು.

ಹುಡುಗರು ನನಗಿಟ್ಟಿರುವ ಈ ಹೆಸರು ನನ್ನ ಕಿವಿಗೆ ಬಿದ್ದಿಲ್ಲವೆಂಬಂತೆ ನೀವೆಲ್ಲ ಇಷ್ಟು ವರ್ಷ ನಟಿಸಿದಿರಿ. ಅದಕ್ಕಾಗಿ ಮೊದಲ ಕೃತಜ್ಞತೆ. ಉಳಿ ಹಿಡಿದೇ ತಲೆ ನೆರೆಸಿಕೊಂಡ ಹಿರಿಯರು, ನಕ್ಷೆ ಕಲಿಸುವ ಒಬ್ಬ ಹೆಂಗಸಿನ ಸಲಹೆಯನ್ನು ಕಳೆದ ವರ್ಷ ತಲೆಬಾಗಿ ಒಪ್ಪಿಕೊಂಡಿರಿ. ಅದಕ್ಕೂ ಕೃತಜ್ಞಳಾಗಿದ್ದೇನೆ. ಆದರೆ ಹಾಗೆ ಒಪ್ಪಿದ್ದರಿಂದಲೇ ಒಂದು ಅನಾಹುತವಾಯಿತು. ಇಂದು ಹೇಳಹೊರಟಿರುವುದು ಅದನ್ನೇ.

ಎದುರು ನಿಂತು ಹೇಳಬೇಕಾದದ್ದನ್ನು ಬರೆದು ಕಳಿಸುತ್ತಿರುವುದು ಹೇಡಿತನವಲ್ಲ. ಪೂರ್ತಿ ಹೇಡಿತನವಲ್ಲ ಎಂದು ತಿದ್ದಿಕೊಳ್ಳುತ್ತೇನೆ. ಹದಿನೆಂಟು ವರ್ಷ ಗರಗಸದ ಯಂತ್ರಕ್ಕಿಂತ ಜೋರಾಗಿ ಕೂಗಿ ನನ್ನ ಗಂಟಲಲ್ಲಿ ಗಂಟೊಂದು ಬೆಳೆದಿತ್ತು. ಡಾಕ್ಟರು ಅದನ್ನು ತೆಗೆದು, ಇನ್ನೂ ಎರಡು ವಾರ ತುಟಿಪಿಟಕ್ಕೆನ್ನಬಾರದೆಂದು ಕಟ್ಟಪ್ಪಣೆ ಮಾಡಿದ್ದಾರೆ. "ಟೀಚರ್ ಗಂಟಲಿಗೆ ಆಪರೇಷನ್, ಹುಡುಗರ ಕಿವಿಗೆ ರಜಾ" ಎಂದು ಮೇಸ್ತ್ರಿಯವರು ಅಂದದ್ದು ನನಗೆ ಕೇಳಿಸಿದೆ. ಕೆಟ್ಟಿರುವುದು ಗಂಟಲು, ಕಿವಿಯಲ್ಲ. ಮೇಸ್ತ್ರಿಯವರೇ, ದಯವಿಟ್ಟು ಈ ಸಾಲನ್ನು ನುಂಗದೆ ಓದಿ.

ಇಂದು ನೀವು ತೀರ್ಮಾನಿಸಬೇಕಾದ ಸಂಗತಿ ಎಲ್ಲರಿಗೂ ಗೊತ್ತಿದೆ. ಈ ವರ್ಷ ಶಾಲೆ ಮುಗಿಸುವ ಹನ್ನೆರಡು ಹುಡುಗರಿಗೆ ಮತ್ತೆ ಪುಸ್ತಕ ಕೊಡುವುದೋ, ಹಿಂದಿನಿಂದ ಬಂದ ಹಾಗೆ ಒಂದೊಂದು ಉಳಿ ಕೊಟ್ಟು ಕಳಿಸುವುದೋ ಎಂಬುದು. ಜೊತೆಗೆ ಇನ್ನೊಂದು ತೀರ್ಮಾನವೂ ಇದೆ. ನಾಜೂಕು ಕೆಲಸ ಕಲಿಸುವ ಮೇಲಿನ ತರಗತಿಯಲ್ಲಿ ಮೇಸ್ತ್ರಿಯವರು ವರ್ಷವಿಡೀ ಒಂದು ಜಾಗ ಖಾಲಿ ಇಟ್ಟಿದ್ದಾರೆ. ಅಲ್ಲಿ ಇರಬೇಕಾಗಿದ್ದ ಹುಡುಗ ಸೋಮವಾರ ಬರದಿದ್ದರೆ ಅದು ಬೇರೆಯವನಿಗೆ ಹೋಗುತ್ತದೆ. ಅವನು ಬಾರದೆ ಹೋದದ್ದು ನನ್ನಿಂದ. ಈ ಮಾತನ್ನು ಬರೆಯಲು ಮೂರು ಹಾಳೆ ಹರಿದೆ.

ಹದಿನೇಳರ ಹುಡುಗ ಇಲ್ಲಿಂದ ಹೊರಟ ಮೇಲೆ ಮರ ಅವನನ್ನು ದಿನವೂ ಹುಡುಕಿಕೊಂಡು ಬರುತ್ತದೆ. ಪುಸ್ತಕ ಹಾಗೆ ಬರುವುದಿಲ್ಲ. ನಾವೇ ಕೈಗಿಡದಿದ್ದರೆ ಇನ್ನು ಯಾರೂ ಇಡಲಾರರು ಎಂಬ ಆತಂಕದಿಂದಲೇ ನಾನು ಕಳೆದ ವರ್ಷ ಉಳಿಯ ಬದಲು ಪುಸ್ತಕವೆಂದು ಹಟ ಹಿಡಿದೆ. ಹಟ ಗೆದ್ದ ಮೇಲೆ ನಾಲ್ಕು ಸಂಜೆ ಪುಸ್ತಕದಂಗಡಿಯಲ್ಲಿ ಕಳೆದೆ. ಕೈಯಲ್ಲೊಂದು ಪಟ್ಟಿ ಇತ್ತು. ಎಡಗಡೆ ಹನ್ನೊಂದು ಹುಡುಗರ ಹೆಸರು, ಬಲಗಡೆ ಅವರವರ ಕೊರತೆ. ಮೂಗಿನ ತುದಿಯಲ್ಲೇ ಸಿಟ್ಟಿರುವ 'ಬೆಂಕಿಪೊಟ್ಟಣ'ಕ್ಕೆ ಕೋಪವನ್ನು ಗೆಲ್ಲುವ ಪುಸ್ತಕ. ಬಾಯಿ ಬಿಡಲು ಹೆದರುವವನಿಗೆ ಆತ್ಮವಿಶ್ವಾಸದ ಪುಸ್ತಕ. ತಡವಾಗಿ ಬರುವವನಿಗೆ ಸಮಯಪಾಲನೆಯದು. ಎಷ್ಟು ಚೆನ್ನಾಗಿ ಹೊಂದಿಸಿದೆನೆಂದು ಒಳಗೊಳಗೇ ಹಿಗ್ಗಿದ್ದೆ.

ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿ, "ಇಷ್ಟನ್ನೂ ನೀವು ಓದಿದ್ದೀರಾ ಮೇಡಂ?" ಎಂದು ಕೇಳಿದರು. ಬೆನ್ನುಪುಟ ಓದಿದ್ದೇನೆ ಎಂದೆ. "ಹಾಗಾದ್ರೆ ನೀವೂ ಹುಡುಗರೂ ಒಂದೇ ಕ್ಲಾಸು" ಎಂದು ನಕ್ಕರು. ಆಗಲೇ ನನಗೆ ಎಚ್ಚರವಾಗಬೇಕಿತ್ತು. ಮರ ಕೊಯ್ಯುವ ಮೊದಲು ಎರಡು ಸಲ ಅಳೆಯಿರಿ ಎಂದು ಪ್ರತಿ ತರಗತಿಯಲ್ಲೂ ಕಿರುಚುವ ನಾನು ಅಂದು ಬೆನ್ನುಪುಟವನ್ನಷ್ಟೇ ನೋಡಿ ಕೊಯ್ದುಬಿಟ್ಟೆ.

ಮುಂದಿನದು ನನಗೆ ತಿಳಿದದ್ದು ಮೂರು ವಾರಗಳ ನಂತರ, ಮೊಳೆ ಸ್ಕ್ರೂ ಮಾರುವ ಅಂಗಡಿಯ ಮುಂದೆ ಬೆಂಕಿಪೊಟ್ಟಣ ಸಿಕ್ಕಾಗ. ಪುಸ್ತಕ ಕೊಟ್ಟ ಸಭೆ ಮುಗಿದ ಮೇಲೆ ಹನ್ನೊಂದು ಜನವೂ ಮರದ ಕೊಟ್ಟಿಗೆಗೆ ಹೋಗಿ, ಹೊದಿಕೆ ಬಿಚ್ಚಿ, ಪುಸ್ತಕಗಳನ್ನು ಹಲಗೆಯೊಂದರ ಮೇಲೆ ಸಾಲಾಗಿ ಇಟ್ಟು ನೋಡಿದರಂತೆ. ಒಬ್ಬ ಮೊದಲಿನಿಂದ ಕೊನೆಯವರೆಗೆ ರಟ್ಟುಗಳನ್ನು ಓದಿ, "ಲೋ, ಇದು ಪುಸ್ತಕ ಅಲ್ಲ ಕಣ್ರೋ, ಮಾತ್ರೆ! ಅಡಿಪಟ್ಟಿ ಒಬ್ಬೊಬ್ಬರ ಕಾಯಿಲೆ ನೋಡಿ ಬರ್ಕೊಟ್ಟಿದ್ದಾರೆ" ಅಂದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. "ನಂಗೇನೂ ಬೇಜಾರಿಲ್ಲ ಟೀಚರ್" ಎಂದ ಬೆಂಕಿಪೊಟ್ಟಣ. "ಆದ್ರೆ ಎರಡು ವರ್ಷದಲ್ಲಿ ನಮ್ಮಲ್ಲಿ ನಿಮಗೆ ಕಂಡಿದ್ದು ಅಷ್ಟೇನಾ ಅಂತ ಅನ್ನಿಸ್ತು." ಇದನ್ನು ಅವನು ಸಿಟ್ಟಿಲ್ಲದೆ ಹೇಳಿದ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಸಾಲಿನಲ್ಲಿ ಒಬ್ಬ ಮಾತ್ರ ನಗಲಿಲ್ಲ. ಅವನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅಡಿಪಟ್ಟಿ ಇಡದೆ, ಬರೀ ನೋಟದಲ್ಲೇ ಹಲಗೆಯ ಅಳತೆ ಹೇಳುತ್ತಿದ್ದುದರಿಂದ ಅವನನ್ನು ಎಲ್ಲರೂ 'ಕಣ್ಣಳತೆ' ಎನ್ನುತ್ತಿದ್ದರು. ಇಂಥ ಕೈ ಹತ್ತು ವರ್ಷಕ್ಕೊಂದು ಬರುತ್ತದೆ ಎಂದು ಮೇಸ್ತ್ರಿಯವರು ಅವನ ಬೆನ್ನ ಹಿಂದೆ ಹೇಳುತ್ತಿದ್ದರು. ಎದುರಿಗೆ ಮಾತ್ರ "ಏನೋ ಇದು, ಮೇಜೋ ಮೊಲದ ಬೋನೋ?" ಎಂದು ಗದರುತ್ತಿದ್ದರು. ಅವನು ಎಲ್ಲರಿಂದ ಮುಚ್ಚಿಟ್ಟಿದ್ದ ಒಂದು ಸಂಗತಿ ನನ್ನೊಬ್ಬಳಿಗೆ ಗೊತ್ತಿತ್ತು. ಅದಕ್ಕೆ ತಕ್ಕ ಪುಸ್ತಕ ಹುಡುಕಿ, ಒಳಪುಟದಲ್ಲಿ ಅವನ ಹೆಸರು ಬರೆದು, ಪ್ರೀತಿಯಿಂದಲೇ ಕೊಟ್ಟೆ. ರಟ್ಟಿನ ಮೇಲೆ ಅದು ಯಾರಿಗಾಗಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಸಂಗತಿ ಏನೆಂದು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬೀದಿಗಿಟ್ಟದ್ದು ಸಾಕು. ಅವನ ಪುಸ್ತಕವನ್ನೂ ಎಲ್ಲರೂ ನೋಡಿದಿರಾ ಎಂದು ಬೆಂಕಿಪೊಟ್ಟಣವನ್ನು ಕೇಳಿದೆ. ನನ್ನ ಕಣ್ಣನ್ನೇ ನೋಡುತ್ತ "ನೆನಪಿಲ್ಲ ಟೀಚರ್" ಎಂದ. ಆಮೇಲೆ ಒಬ್ಬೊಬ್ಬರಾಗಿ ಸಿಕ್ಕ ಉಳಿದವರದೂ ಅದೇ ಮಾತು. ಹತ್ತು ಹುಡುಗರಿಗೂ ಒಟ್ಟಿಗೇ ಮರೆವು ಬಂದಿತ್ತು. ಓದದ ಹುಡುಗರೆಂದು ನಾವು ಕರೆಯುವವರ ಮರ್ಯಾದೆ ಅಂಥದ್ದು.

ಮೇಲಿನ ತರಗತಿ ಶುರುವಾದ ಸೋಮವಾರ ಕಣ್ಣಳತೆ ಬರಲಿಲ್ಲ. ಹಣ್ಣಿನ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕೆಲಸಕ್ಕೆ ಸೇರಿದ್ದಾನೆಂದು ಸುದ್ದಿ ಬಂತು. ಹಸಿ ಹಲಗೆ, ನಾಲ್ಕು ಮೊಳೆ, ಮುಂದಿನ ಪೆಟ್ಟಿಗೆ. ಆ ಕೈ! ನಾನು ಎರಡು ಸಲ ಹೇಳಿಕಳಿಸಿದೆ. ಹನ್ನೊಂದು ತಿಂಗಳು ಅವನ ಮನೆಯ ಬೀದಿಯನ್ನು ತಪ್ಪಿಸಿ ಸುತ್ತುಹಾದಿಯಲ್ಲಿ ಓಡಾಡಿದೆ. ಹೇಡಿತನ ಎಂದೆನಲ್ಲ, ಅದರ ಜಾಗ ಇದು.

ಹೋದ ಶನಿವಾರ ಹೋದೆ. ಮಾತು ಬರುತ್ತಿದ್ದರೆ ಬಹುಶಃ ಹೋಗುತ್ತಿರಲಿಲ್ಲ. ಹೋಗಿದ್ದರೂ ಉಪದೇಶ ಮಾಡಿ ಬರುತ್ತಿದ್ದೆ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಬಾಗಿಲು ತೆರೆದ ಅವನ ತಂಗಿ, ನಾನು ಗಂಟಲು ಮುಟ್ಟಿ ಕೈಯಾಡಿಸಿದ್ದನ್ನು ನೋಡಿ, "ಅಣ್ಣಾ, ನಿಮ್ ಟೀಚರ್ ಬಂದಿದಾರೆ, ಆದ್ರೆ ಬೈಯೋಕಾಗಲ್ವಂತೆ!" ಎಂದು ಕೂಗಿದಳು. ಅವನು ಬಂದು ಮಂಚದ ಅಂಚಿನಲ್ಲಿ ಕೂತ. ಮಂಚದ ಒಂದು ಕಾಲು ಗಿಡ್ಡವಾಗಿತ್ತು. ಅದರಡಿಯಲ್ಲಿ ನಾನು ಕೊಟ್ಟ ಪುಸ್ತಕವಿತ್ತು.

ನಾನು ನೋಡಿದ್ದನ್ನು ಅವನು ನೋಡಿದ. "ಸರಿಯಾಗಿ ಕೂತಿದೆ ಟೀಚರ್. ಒಂದು ನೂಲೂ ಆಚೀಚೆ ಇಲ್ಲ" ಎಂದ.

ಇಲ್ಲಿ ಕೂತಿರುವ ಕಸುಬುದಾರರಿಗೆ ವಿವರಿಸಬೇಕಿಲ್ಲ. ಆ ಕಾಲಿಗೆ ಒಂದು ತುಂಡು ಮರ ಕೂಡಿಸುವುದು ಅವನಿಗೆ ಹತ್ತು ನಿಮಿಷದ ಕೆಲಸ. ಹನ್ನೊಂದು ತಿಂಗಳು ಅದನ್ನು ಮಾಡದೆ ಬಿಟ್ಟಿದ್ದಾನೆಂದರೆ, ಆ ಪುಸ್ತಕ ಅಲ್ಲೇ ಇರಬೇಕೆಂದು. ಪ್ರತಿ ರಾತ್ರಿ ಅದರ ಮೇಲೆ ತನ್ನ ಭಾರ ಹಾಕಿ ಮಲಗಬೇಕೆಂದು.

ನನಗೆ ಬೇರೇನೂ ತೋಚದೆ ಚೀಲದಿಂದ ಹಾಳೆ ತೆಗೆದು ಚಿತ್ರ ಬರೆಯತೊಡಗಿದೆ. ಮೂರು ಕಾಲಿನ ಒಂದು ಸ್ಟೂಲು. ಅವನು ಬೇರೆ ಕಡೆ ನೋಡುತ್ತಲೇ ಇದ್ದ. ಆಮೇಲೆ ಓರೆಗಣ್ಣಿನಲ್ಲಿ ನೋಡಿದ. ಆಮೇಲೆ ತಡೆಯಲಾರದೆ, "ಟೀಚರ್, ಇದು ನಿಲ್ಲಲ್ಲ" ಎಂದು ಪೆನ್ಸಿಲ್ ಕಿತ್ತುಕೊಂಡ. "ಈ ಕಾಲು ಹೊರಗೆ ಬರ್ಬೇಕು. ಕೂತವರು ಬಿದ್ದು ಸೊಂಟ ಮುರ್ಕೋತಾರೆ." ತಿದ್ದಿ ಮುಗಿಸಿ ತಲೆಯೆತ್ತಿ, ಬೇಕೆಂದೇ ತಪ್ಪು ಬರೆದಿರಾ ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. ಅದು ನಿಜ. ಹದಿನೆಂಟು ವರ್ಷದಲ್ಲಿ ನನ್ನ ಗೆರೆ ತಪ್ಪಿದ್ದು ಅವತ್ತೇ. ಅವನು ನಕ್ಕ. ಹನ್ನೊಂದು ತಿಂಗಳ ಹಿಂದೆ ನಗಬೇಕಾಗಿದ್ದ ನಗು ಅದು ಎಂದು ನಾನಂದುಕೊಂಡೆ, ಆಸೆಬುರುಕಿ ನಾನು.

ಈ ಸ್ಟೂಲನ್ನು ಯಾರು ಮಾಡುತ್ತಾರೆಂದು ಕೇಳಿದ. ಅವನ ಕಡೆಗೇ ಬೆರಳು ತೋರಿಸಿದೆ. ಹಾಳೆಯನ್ನು ತನ್ನತ್ತ ಎಳೆದುಕೊಂಡು, "ಅಲ್ಲಿ ಎಲ್ರೂ ಕೇಳ್ತಾರೆ ಟೀಚರ್, ಯಾಕೋ ಹೋಗಿದ್ದೆ ಅಂತ" ಎಂದ. ಬರುತ್ತೇನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹಾಳೆಯನ್ನು ಮಾತ್ರ ಹಿಂದಿರುಗಿಸಲಿಲ್ಲ. ಆದ್ದರಿಂದ ನನ್ನ ಮೊದಲ ಬೇಡಿಕೆ ಇಷ್ಟೆ. ಸೋಮವಾರ ಅವನು ಗೇಟಿನೊಳಗೆ ಬಂದರೆ ದಯವಿಟ್ಟು ಯಾರೂ ಏನೂ ಕೇಳಬೇಡಿ. ನಿನ್ನೆ ತಾನೆ ಹೋಗಿ ಇವತ್ತು ಬಂದವನಂತೆ ನೋಡಿ.

ಇನ್ನು ಪುಸ್ತಕದ ಮಾತು. ಇಷ್ಟಾದ ಮೇಲೂ ಇವಳಿಗೆ ಬುದ್ಧಿ ಬಂದಿಲ್ಲವೇ ಎಂದು ನೀವು ಅಂದುಕೊಳ್ಳುತ್ತಿರಬಹುದು. ಸ್ವಲ್ಪ ಬಂದಿದೆ. ಮಾತು ನಿಂತ ದಿನದಿಂದ ನಾನು ಮೂವತ್ತು ಪುಸ್ತಕ ಓದಿದೆ, ಬೆನ್ನುಪುಟದಿಂದಲ್ಲ, ಮೊದಲ ಪುಟದಿಂದ. ಓದಿ ಮುಗಿದದ್ದನ್ನೆಲ್ಲ ಕಾರ್ಯಾಗಾರದಲ್ಲಿ ಅಂಟಿನ ಡಬ್ಬಿ ಇಡುವ ಗೂಡಿನ ಪಕ್ಕ ಸುಮ್ಮನೆ ಜೋಡಿಸಿದೆ. ಓದಿ ಎನ್ನಲಿಲ್ಲ, ಅನ್ನಲು ಧ್ವನಿಯೂ ಇರಲಿಲ್ಲ. ದಿನಾ ಸಂಜೆ ಹೋಗಿ ಯಾವುದರ ಮೇಲೆ ಅಂಟಿನ ಬೆರಳಚ್ಚು ಬಿದ್ದಿದೆ ಎಂದು ನೋಡುತ್ತೇನೆ. ಕುಸಿದು ಬಿದ್ದ ಸೇತುವೆಗಳ ಕುರಿತ ಪುಸ್ತಕ ಗುರುತು ಸಿಗದಷ್ಟು ಕೊಳೆಯಾಗಿದೆ. ಅದರಲ್ಲಿ ತುದಿ ತುಂಡಾದ ಒಂದು ಹೆಬ್ಬೆರಳಿನ ಗುರುತೂ ಇದೆ. ಈ ಶಾಲೆಯಲ್ಲಿ ಅಂಥ ಹೆಬ್ಬೆರಳು ಒಂದೇ. ಮೇಸ್ತ್ರಿಯವರೇ, ಕೆಮ್ಮಬೇಡಿ, ಮುಂದೆ ಓದಿ. ಒಂದು ಪತ್ತೇದಾರಿ ಕಥೆಯ ಕೊನೆಯ ಹಾಳೆಯನ್ನು ಯಾರೋ ಕಿತ್ತಿದ್ದಾರೆ. ಅದಕ್ಕಾಗಿ ಮೊನ್ನೆ ಇಬ್ಬರು ಕೈಕೈ ಮಿಲಾಯಿಸುವುದರಲ್ಲಿದ್ದರು. "ಕೊಂದಿದ್ದು ಯಾರು ಅಂತ ನಾನು ಹೇಳ್ಲಾ?" ಎಂದು ಮೂರನೆಯವನು ಬಾಯಿ ಹಾಕಿದ. "ಹೇಳಿದ್ರೆ ನಿನ್ನನ್ನ ನಾನು ಕೊಲ್ತೀನಿ!" ಎಂದು ಇಬ್ಬರೂ ಒಟ್ಟಿಗೆ ತಿರುಗಿಬಿದ್ದರು. ಬಾಗಿಲ ಹಿಂದೆ ನಿಂತು ಕೇಳಿ ನನಗೆ ಅಳು ಬಂತು.

ನಿಜವನ್ನು ಪೂರ್ತಿ ಹೇಳಬೇಕು. ಹನ್ನೆರಡರಲ್ಲಿ ನಾಲ್ವರು ಒಂದನ್ನೂ ಮುಟ್ಟಿಲ್ಲ. ಒಬ್ಬ ಬಿಸಿ ಚಹಾದ ಲೋಟ ಇಡಲು ಮಾತ್ರ ಬಳಸಿದ್ದಾನೆ. ನಾನು ಮತ್ತೆ ತಪ್ಪು ಅಳತೆ ಹಿಡಿದಿದ್ದೇನೆಯೋ ಎಂಬ ಭಯ ಬೆಳಗ್ಗೆ ಏಳುವಾಗ ಇರುತ್ತದೆ, ಸಂಜೆ ಬೆರಳಚ್ಚು ನೋಡಿದಾಗ ಅಷ್ಟಿಷ್ಟು ಕರಗುತ್ತದೆ. ಆದರೂ ಕೇಳುತ್ತೇನೆ. ಉಳಿಯನ್ನು ಎಲ್ಲರಿಗೂ ಕೊಡಿ. ಅದನ್ನು ಕಿತ್ತುಕೊಂಡದ್ದೇ ನನ್ನ ಮೊದಲ ತಪ್ಪು. ಅದರ ಜೊತೆಗೆ, ಯಾವ ಹುಡುಗ ಯಾವ ಪುಸ್ತಕವನ್ನು ಕೊಳೆ ಮಾಡಿದ್ದಾನೋ ಅದನ್ನೇ, ಆ ಕೊಳೆಯ ಸಮೇತ, ಅವನಿಗೆ ಕೊಡೋಣ. ಮುಟ್ಟದವನಿಗೆ ಉಳಿ ಮಾತ್ರ ಸಾಕು. ಆದರೆ ಅದನ್ನು ಕೊಡುವಾಗ ನಮ್ಮ ಮುಖದಲ್ಲಿ ಮರುಕದ ಗೆರೆಯೂ ಮೂಡಬಾರದು.

ಗೂಡಿನಲ್ಲಿ ಇನ್ನೂ ಜಾಗವಿದೆ, ಕೊಡುವ ದಿನಕ್ಕೆ ಐದು ವಾರವಿದೆ. ಸಭೆ ಮುಗಿಸಿ ಮನೆಗೆ ಹೋದ ಮೇಲೆ, ನೀವು ಹದಿನೇಳನೇ ವಯಸ್ಸಿನಲ್ಲಿ ಬೈಗುಳ ತಿಂದರೂ ಕೆಳಗಿಡದ ಒಂದು ಪುಸ್ತಕವಿದ್ದರೆ ಹುಡುಕಿ. ಒಳ್ಳೆಯದಾಗಿರಬೇಕಿಲ್ಲ, ನೀವು ಓದಿದ್ದಾಗಿದ್ದರೆ ಸಾಕು. ನಾಳೆ ಬೆಳಗ್ಗೆ ಬರುವಾಗ ಅದನ್ನು ತಂದು ಅಂಟಿನ ಡಬ್ಬಿಯ ಪಕ್ಕ ಇಡಿ, ಏನೂ ಹೇಳದೆ. ನಮ್ಮ ಕೆಲಸ ಅಲ್ಲಿಂದ ಶುರುವಾಗಲಿ.

ನಿಮ್ಮೆಲ್ಲರ ವಿಶ್ವಾಸದ,
ಅಡಿಪಟ್ಟಿ ಟೀಚರ್

ಮರುಬರಹ (ಬೇರೆ ಹಾಳೆಯಲ್ಲಿ, ಮಡಿಸಿ. ಮೇಸ್ತ್ರಿಯವರಿಗೆ ಮಾತ್ರ, ಸಭೆಯಲ್ಲಿ ಓದಬಾರದು):

ನಿನ್ನೆ ಕಣ್ಣಳತೆಯ ತಂಗಿ ಶಾಲೆಗೆ ಬಂದು, "ಮೇಸ್ತ್ರಿ ಒಬ್ರಿಗೆ ಹೇಳ್ಬಹುದಂತೆ, ಅಣ್ಣ ಹೇಳ್ದ" ಎಂದಳು. ಆ ಅಪ್ಪಣೆಯ ಮೇಲೆ ಬರೆಯುತ್ತಿದ್ದೇನೆ. ಅವನಿಗೆ ಓದಲು ಬರುವುದಿಲ್ಲ. ಅಂಕಿ ಬರುತ್ತದೆ, ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತವಂತೆ. ಎರಡು ವರ್ಷ ನಿಮ್ಮ ಕಣ್ಣಿಗೂ ಬೀಳದ ಹಾಗೆ ಮುಚ್ಚಿಟ್ಟಿದ್ದ. ನಾನು ಕೊಟ್ಟ ಪುಸ್ತಕದ ರಟ್ಟಿನ ಮೇಲೆ 'ದೊಡ್ಡವರಾದರೂ ಓದಲು ಬಾರದವರಿಗಾಗಿ' ಎಂದಿತ್ತು.

ಶನಿವಾರ ಚಿತ್ರ ಬರೆಯುವ ಮೊದಲು ನಾನು ಮಾತಿನ ಬದಲು ಈಗ ಹೊತ್ತು ತಿರುಗುವ ಸ್ಲೇಟಿನ ಮೇಲೆ 'ನನ್ನನ್ನು ಕ್ಷಮಿಸು' ಎಂದು ಬರೆದು ಅವನ ಮುಂದೆ ಹಿಡಿದಿದ್ದೆ. ಅವನ ಕಣ್ಣು ಮೊದಲಕ್ಷರದಲ್ಲೇ ನಿಂತುಬಿಟ್ಟಿತು. ಎರಡನೇ ಸಲ ಅದೇ ತಪ್ಪು ಮಾಡಿದೆ, ಮೇಸ್ತ್ರಿಯವರೇ. ಸೆರಗಿನಿಂದ ಒರೆಸಿ, ಹಾಳೆ ತೆಗೆದೆ.

ಇನ್ನೊಂದು ಸುದ್ದಿಯನ್ನೂ ಆ ಹುಡುಗಿಯೇ ಹೇಳಿದಳು. ಮಂಚದ ಕಾಲು ಬುಧವಾರ ರಿಪೇರಿಯಾಯಿತಂತೆ. ಪುಸ್ತಕ ಈಗ ಎಲ್ಲಿದೆಯೆಂದು ಅವಳು ಹೇಳಲಿಲ್ಲ. ಕೇಳಲು ನನಗೆ ಧ್ವನಿಯೂ ಇರಲಿಲ್ಲ, ಹಕ್ಕೂ ಇರಲಿಲ್ಲ.

ಸೋಮವಾರ ಬಂದರೆ ತರಗತಿಗೆ ಸೇರುವ ಅರ್ಜಿಯನ್ನು ಅವನ ಕೈಗೆ ಕೊಟ್ಟು ತುಂಬಿಸು ಎನ್ನಬೇಡಿ. ನೀವೇ ಕೇಳಿ ಬರೆದುಕೊಳ್ಳಿ. ಅದಕ್ಕೂ ಮೊದಲು, ಕಳೆದ ವರ್ಷ ಅವನಿಗೆ ಸಿಗಬೇಕಾಗಿದ್ದ ಉಳಿಯನ್ನು ಕೊಡಿ.