ಒಂದು ಕಂಪ್ಯೂಟರಿಗೆ ಮೂರು ಕಾವಲು

ಚಿಂತಾಮಣಿ
೨೧–೨–೧೯೯೯

ನಮ್ಮ ಯಜಮಾನರಿಗೆ ಆದಿಲಕ್ಷ್ಮಿ ಮಾಡುವ ನಮಸ್ಕಾರಗಳು.

ಅಕ್ಕನ ಮನೆಯಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಕ್ಷೇಮ ಕೇಳುವ ಮನಸ್ಸು ಸದ್ಯಕ್ಕಿಲ್ಲ. ನಿಮ್ಮ ತಮ್ಮ ಕೋನಪ್ಪ ನಿನ್ನೆ ಬಂದಿದ್ದ. "ಅತ್ಗೆ, ಅಣ್ಣ ಇನ್ನೊಂದು ಆಂಟಿವೈರಸ್ ಹಾಕ್ಸಿದಾನೆ. ಇನ್ಮೇಲೆ ತೊಂದ್ರೆ ಇಲ್ವಂತೆ, ಬಂದ್ಬಿಡ್ಬೇಕಂತೆ" ಅಂದ. ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟೆ. ಥೂ, ಇನ್ನೂ ಒಂದಾ?

ಶಿಡ್ಲಘಟ್ಟದ ಅರ್ಧ ಊರಿನ ಲಗ್ನಪತ್ರಿಕೆಗಳನ್ನು ನಮ್ಮ ನಡುಮನೆಯ ಆ ಕಂಪ್ಯೂಟರಿನಲ್ಲಿ ಟೈಪು ಮಾಡಿದವಳು ನಾನು. ಊರವರ ಫ್ಲಾಪಿಗಳಿಂದ ವೈರಸ್ ಬರುತ್ತದೆ, ಒಂದು ಆಂಟಿವೈರಸ್ ಹಾಕಿಸಿ ಎಂದು ಕೇಳಿದವಳೂ ನಾನೇ. ಹಾಕಿಸಿದಿರಿ. ಆಮೇಲೆ ಯಾರೋ ಸ್ನೇಹಿತರು ಕೊಟ್ಟರೆಂದು ಅದರ ಮೇಲೆ ಇನ್ನೊಂದು! ಬೇಡ ರೀ ಅಂದರೆ, "ಹುಳು ಮನೆಗೆ ಸುಣ್ಣಾನೂ ಹಾಕ್ತೀವಿ, ಬ್ಲೀಚಿಂಗ್ ಪೌಡ್ರೂ ಹಾಕ್ತೀವಿ. ಇದಕ್ಕೆ ಮಾತ್ರ ಒಂದು ಸಾಕೇನೆ?" ಅಂದಿರಿ. ರೇಷ್ಮೆ ಹುಳು ಸಾಕಿದ ಬುದ್ಧಿ ಎಲ್ಲಿಗೆ ಹೋಗುತ್ತದೆ? ಅವೆರಡೂ ಒಂದನ್ನೊಂದು ವೈರಸ್ ಎಂದು ಹಿಡಿದು, ಓರಗಿತ್ತಿಯರಂತೆ ಕಚ್ಚಾಡಿದವು. ನಾನು ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಒಲೆಯ ಮೇಲೆ ಅನ್ನ ಸೀದುಹೋಗುತ್ತಿತ್ತು.

ಅದನ್ನೂ ಸಹಿಸಿಕೊಂಡೆ. ಆದರೆ ಮೂರನೆಯದನ್ನು ನೀವು ಹಾಕಿಸಿದ್ದು ವೈರಸ್ಸಿಗಲ್ಲ, ನನಗೆ. ಫ್ಲಾಪಿ ಹಿಡಿದುಕೊಂಡು ಗಂಡಸರೂ ಬರುತ್ತಾರೆಂದು ನಿಮಗೆ ಅನುಮಾನ. ಪಾಸ್‌ವರ್ಡ್ ಒತ್ತದೆ ಕಂಪ್ಯೂಟರು ತೆರೆಯದ ಹಾಗೆ ಬೀಗ. ನೀವು ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬರುವವರೆಗೂ ನಾನು ಕೈಕಟ್ಟಿ ಕೂರಬೇಕು. ನೀವು ನಗುತ್ತಾ ಕೋನಪ್ಪನಿಗೆ ಹೇಳಿದ್ದು ಅಡುಗೆಮನೆಗೂ ಕೇಳಿಸಿತ್ತು: "ನನ್ನ ಹೆಸ್ರೇ ಇಟ್ಟಿದ್ದೀನಿ ಕಣೋ. ಗಂಡನ ಹೆಸ್ರು ಅವ್ಳು ಸತ್ರೂ ಎತ್ತಲ್ಲ."

ಪಕ್ಕದ ಮನೆಯ ಬಾನು ಮಗಳ ಮದುವೆ ಪತ್ರಿಕೆಗೆ ಬಂದು ನಿಂತ ದಿನ ನೀವು ಊರಲ್ಲಿರಲಿಲ್ಲ. ಅವತ್ತೇ ಅದು ಅಚ್ಚಿಗೆ ಹೋಗಬೇಕಿತ್ತು. ನಾನು ಕಂಪ್ಯೂಟರಿನ ಮುಂದೆ ಕೂತೆ. ನಿಮ್ಮ ಹೆಸರಿನ ಮೊದಲಕ್ಷರದ ಮೇಲೆ ಬೆರಳಿಟ್ಟೆ, ತೆಗೆದೆ. ಮತ್ತೆ ಇಟ್ಟೆ, ತೆಗೆದೆ. ನೋಡುವಷ್ಟು ನೋಡಿ ಬಾನು, "ಹೋಗ್ಲಿ ಬಿಡಮ್ಮ, ಬೇರೆ ಕಡೆ ಮಾಡಿಸ್ಕೊತೀನಿ" ಎಂದು ಹೊರಟುಹೋದರು. ಕೆಲಸ ಗೊತ್ತಿದ್ದೂ ಬರಿಗೈಲಿ ಕಳಿಸಿದೆ. ನಿಮ್ಮ ಲೆಕ್ಕ ಸರಿಯಾಗಿತ್ತು ರೀ. ನಿಮ್ಮನ್ನು ನೆನೆದರೆ ಹೇಸಿಗೆಯಾಗುತ್ತದೆ. ನನ್ನ ಈ ಬೆರಳುಗಳನ್ನು ನೋಡಿಕೊಂಡರೆ ಇನ್ನೂ ಹೇಸಿಗೆ. ಅವತ್ತೇ ಬಸ್ಸು ಹತ್ತಿದೆ.

ಆ ಕಂಪ್ಯೂಟರನ್ನು ನೀವೇ ಇಟ್ಟುಕೊಳ್ಳಿ. ನಾಲ್ಕಲ್ಲ, ನಲವತ್ತು ಹಾಕಿಸಿ. ಕೋನಪ್ಪನನ್ನು ಪಾಪ ಸುಮ್ಮನೆ ಬಸ್ಸಿನಲ್ಲಿ ಅಲೆಸಬೇಡಿ. ಅತ್ತೆಗೆ ನಮಸ್ಕಾರ ತಿಳಿಸಿ.

ಇಂತಿ,
ಆದಿಲಕ್ಷ್ಮಿ

ತಾ.ಕ.: ಇಲ್ಲಿ ದಸ್ತಗಿರ್ ಸಾಹೇಬರ ಪ್ರೆಸ್ಸಿನಲ್ಲಿ ಇವತ್ತು ಟೈಪಿಂಗ್ ಕೆಲಸಕ್ಕೆ ಸೇರಿದೆ. "ಯಜಮಾನ್ರ ಹೆಸ್ರೇನಮ್ಮ?" ಎಂದು ಕೇಳಿದರು. ನನ್ನ ಪರವಾಗಿ ಹೇಳಲು ಜೊತೆಗೆ ಬಂದಿದ್ದ ಅಕ್ಕ ಬಾಯಿ ತೆರೆದಳು. ಅವಳ ಕೈ ಹಿಡಿದು ತಡೆದು, ಪ್ರೆಸ್ಸಿನವರಿಗೆಲ್ಲ ಕೇಳುವ ಹಾಗೆ ನಾನೇ ಹೇಳಿದೆ: ಚಲಪತಿ.